ಮುಧೋಳ ಮರಿಗೆ ಮನೆ, ಓಣಿ, ಜನ ರೂಢಿ ಮಾಡಿಸುವುದು ಹೇಗೆ?

ಮುಧೋಳ ತಳಿಯ ನಾಯಿಮರಿ ತಂದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಎರಡೇ. ಮೊದಲನೆಯದು, "ಲಸಿಕೆ ಎಲ್ಲಾ ಮುಗಿಯೋ ತನಕ ಹೊರಗ ತೆಗೀಬಾರದು ಅಂತಾರಲ್ರೀ, ಖರೇ ಏನ್ರೀ?" ಎರಡನೆಯದು ಕೆಲವು ತಿಂಗಳ ನಂತರ ಬರುತ್ತದೆ. "ಮನಿಗೆ ಯಾರರೆ ಬಂದ್ರ ಮಂಚದ ಕೆಳಗ ಹೋಗಿ ಕೂಡತೈತ್ರಿ, ಏನ್ ಮಾಡೋದು?" ಮೊದಲ ಪ್ರಶ್ನೆಗೆ ತಪ್ಪು ಉತ್ತರ ಸಿಕ್ಕ ಮನೆಗಳಿಂದಲೇ ಬಹುಪಾಲು ಎರಡನೇ ಪ್ರಶ್ನೆ ಬರುವುದು.

ಅದಕ್ಕೇ ಎರಡಕ್ಕೂ ಸೇರಿಸಿ ಒಂದೇ ಕಡೆ ಬರೆಯುತ್ತಿದ್ದೇನೆ. ಬಾಗಲಕೋಟೆ ಸುತ್ತಮುತ್ತ ಕೇಳುವವರು ಜಾಸ್ತಿ ಮುಧೋಳ ತಳಿ ಸಾಕಿದವರೇ, ಹಾಗಾಗಿ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ನಿಮ್ಮದು ಲ್ಯಾಬ್ರಡಾರ್ ಇರಲಿ, ಓಣಿಯಿಂದ ಎತ್ತಿಕೊಂಡು ಬಂದ ನಾಟಿ ಮರಿ ಇರಲಿ, ಹಂತಗಳು ಇವೇ. ಎಲ್ಲಿ ಬೇರೆ ಆಗುತ್ತದೋ ಅಲ್ಲಿ ಹೇಳಿದ್ದೇನೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ನಾಯಿ ಸಾಕುವವರು ಸೋಶಿಯಲೈಸೇಶನ್ ಅನ್ನುವುದು ಇದಕ್ಕೇ: ಮರಿ ಮುಂದೆ ಬಾಳಬೇಕಾದ ಕಡೆ ಇರುವ ಜನ, ಸದ್ದು, ಪ್ರಾಣಿ, ನೆಲ, ವಾಹನ ಯಾವುದೂ ಹೆದರುವಂಥದ್ದಲ್ಲ ಎಂದು ಚಿಕ್ಕ ವಯಸ್ಸಿನಲ್ಲೇ ಅದಕ್ಕೆ ರೂಢಿ ಮಾಡಿಸುವುದು. ಬಂದವರ ಕೈಗೆಲ್ಲ ಮರಿ ಕೊಡುವುದು ಇದಲ್ಲ. ಸಂತೆಯ ನಡುವೆ ಒಯ್ದು ನಿಲ್ಲಿಸುವುದು ಅಂತೂ ಅಲ್ಲವೇ ಅಲ್ಲ. ಮುಧೋಳ ನಾಯಿ ಹುಟ್ಟಿನಿಂದಲೇ ಸ್ವಲ್ಪ ಬಿಗುಮಾನದ್ದು. ಹೊರಗಿನವರು ಮೈ ಮುಟ್ಟಿದರೆ ಅದಕ್ಕೆ ಇಷ್ಟವಾಗುವುದಿಲ್ಲ. ಅದನ್ನು ಎಲ್ಲರ ಮೇಲೆ ಹಾರಿ ಮುದ್ದು ಮಾಡಿಸಿಕೊಳ್ಳುವ ನಾಯಿ ಮಾಡಲು ಹೊರಟರೆ ಸೋಲುತ್ತೀರಿ. ಹೊಸಬರು ಬಂದರೆ ನೋಡಿ, ಮೂಸಿ, ತನ್ನ ಪಾಡಿಗೆ ಹೋಗಿ ಮಲಗಿದರೆ ಸಾಕು. ಗುರಿ ಅಷ್ಟೇ ಇರಲಿ.

ಇದಕ್ಕೆ ಇರುವ ಸಮಯ ಬಹಳ ಕಡಿಮೆ. ಮರಿಯ 3ನೇ ವಾರದಿಂದ 12–14ನೇ ವಾರದ ತನಕ ಅದರ ಮನಸ್ಸು ಹೊಸದನ್ನು ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಆಮೇಲೆ ಹೊಸದು ಕಂಡರೆ ಮೊದಲು ಬರುವುದು ಅನುಮಾನ. ಅಮೆರಿಕದಲ್ಲಿ 1961ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮರಿಗಳನ್ನು ಬೇಲಿ ಹಾಕಿದ ಬಯಲಿನಲ್ಲಿ ಮನುಷ್ಯರ ಒಡನಾಟವೇ ಇಲ್ಲದೆ ಬೆಳೆಸಿದ್ದರು. ನಡುವೆ ಒಂದು ವಾರ ಜನರ ಜೊತೆ ಇದ್ದು ಬಂದ ಮರಿಗಳು ಮನುಷ್ಯರಿಗೆ ಹೊಂದಿಕೊಂಡವು. 14ನೇ ವಾರದ ತನಕ ಯಾರನ್ನೂ ಕಾಣದ ಮರಿಗಳು ಕಾಡುಪ್ರಾಣಿಗಳ ಹಾಗೆ ದೂರವೇ ಉಳಿದವು. ಈಗ ನಮ್ಮ ಲಸಿಕೆಯ ಲೆಕ್ಕ ನೋಡಿ. ಅದು ಮುಗಿಯುವುದು ಸುಮಾರು 16ನೇ ವಾರಕ್ಕೆ. ಅಂದರೆ ಲಸಿಕೆ ಪೂರ್ತಿಯಾಗಲಿ ಅಂತ ಕಾದು ಕೂತರೆ ಒಳ್ಳೆಯ ಸಮಯ ಅಷ್ಟೂ ಕಾಂಪೌಂಡಿನೊಳಗೇ ಕಳೆದುಹೋಗಿರುತ್ತದೆ.

1. ಮರಿ ತರುವಾಗ

ನಮ್ಮ ಕಡೆ 30–35 ದಿನಕ್ಕೇ ಮರಿ ಕೈಗೆ ಕೊಟ್ಟುಬಿಡುತ್ತಾರೆ. ತರಬೇಡಿ. 8 ವಾರ ತುಂಬಲಿ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅನ್ನುವುದನ್ನು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ ಆಡುವಾಗ. ಬೇಗ ಬಿಡಿಸಿ ತಂದರೆ ಆ ಪಾಠ ನಿಮ್ಮ ಮಕ್ಕಳ ಕೈಕಾಲಿನ ಮೇಲೆ ನಡೆಯುತ್ತದೆ. "ಈಗ ರೊಕ್ಕ ಕೊಡ್ತೀನಿ, ಮರಿ ಇನ್ನ ಮೂರು ವಾರ ನಿಮ್ಮಲ್ಲೇ ಇರಲಿ" ಅಂದರೆ ಬಹಳಷ್ಟು ಜನ ಒಪ್ಪುತ್ತಾರೆ.

ತಾಯಿಯನ್ನು ನೋಡದೆ ಮರಿ ಒಯ್ಯಬೇಡಿ. ನೀವು ಹತ್ತಿರ ಹೋದಾಗ ತಾಯಿ ಬೊಗಳಿದರೆ ಚಿಂತೆಯಿಲ್ಲ, ಮರಿ ಇರುವ ತಾಯಿ ಬೊಗಳಬೇಕಾದ್ದೇ. ಆದರೆ ಮಾಲೀಕರು ಪಕ್ಕದಲ್ಲೇ ನಿಂತಿದ್ದರೂ ನಡುಗುತ್ತಾ ಮೂಲೆ ಸೇರಿದರೆ ಯೋಚನೆ ಮಾಡಿ. ಅಂಜುವ ಗುಣ ಒಂದಿಷ್ಟು ರಕ್ತದಲ್ಲೂ ಬರುತ್ತದೆ. ಇನ್ನೊಂದು ಪ್ರಶ್ನೆ ಕೇಳಲೇಬೇಕು, ಮರಿ ಬೆಳೆದದ್ದು ಎಲ್ಲಿ? ಹೊಲದ ಶೆಡ್ಡಿನಲ್ಲಿ ಬೆಳೆದ ಮರಿಗೆ ಫ್ಯಾನು, ಟಿವಿ, ಟೈಲ್ಸ್ ನೆಲ ಎಲ್ಲವೂ ಹೊಸತು. ಅಂಥ ಮರಿಯನ್ನು ಬಿಡಬೇಕಿಲ್ಲ, ಮೊದಲ ಕೆಲವು ದಿನ ನಿಧಾನ ಮಾಡಬೇಕು ಅಷ್ಟೇ. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಇದೆ. ಈ ತಳಿಯ ಬಗ್ಗೆ ಏನೇ ಕೇಳುವುದಿದ್ದರೂ ಅಲ್ಲಿ ವಿಚಾರಿಸಬಹುದು.

2. ಲಸಿಕೆ ನಡೆಯುತ್ತಿರುವಾಗಲೇ ಹೊರಗೆ ಹೇಗೆ?

ಮೊದಲ ಲಸಿಕೆ 6–8 ವಾರಕ್ಕೆ. ಆಮೇಲೆ 3–4 ವಾರಕ್ಕೊಮ್ಮೆ, 16 ವಾರ ತುಂಬುವ ತನಕ. ರೇಬೀಸ್ ಲಸಿಕೆ 3 ತಿಂಗಳಿಗೆ. ಇಷ್ಟೊಂದು ಸಲ ಯಾಕೆ ಅಂದರೆ, ತಾಯಿಯ ಹಾಲಿನಿಂದ ಮರಿಗೆ ಬಂದ ರೋಗನಿರೋಧಕ ಶಕ್ತಿ ಮೈಯಲ್ಲಿ ಇರುವ ತನಕ ಲಸಿಕೆ ಸರಿಯಾಗಿ ಹತ್ತುವುದಿಲ್ಲ. ಆ ಶಕ್ತಿ ಯಾವ ವಾರ ಇಳಿಯುತ್ತದೆ ಅನ್ನುವುದು ಮರಿಯಿಂದ ಮರಿಗೆ ಬೇರೆ. ಅದಕ್ಕೇ ಮತ್ತೆ ಮತ್ತೆ ಹಾಕುವುದು. ಜಂತಿನ ಔಷಧಿಯೂ ಜೊತೆಗೇ ನಡೆಯಲಿ.

ನಿಜವಾದ ಹೆದರಿಕೆ ಪಾರ್ವೊ. ವಾಂತಿ, ರಕ್ತ ಬೆರೆತ ಭೇದಿ ಮಾಡಿಸಿ ಕೆಲವೇ ದಿನಗಳಲ್ಲಿ ಮರಿಯನ್ನು ಕೊಲ್ಲುವ ವೈರಸ್ ರೋಗ ಇದು. ರೋಗ ಬಂದ ನಾಯಿಯ ಹೇಲಿನಿಂದ ನೆಲಕ್ಕೆ ಸೇರಿ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಮಾಮೂಲಿ ಫಿನೈಲ್ ಹಾಕಿ ಒರೆಸಿದರೆ ಸಾಯುವುದಿಲ್ಲ. ಬ್ಲೀಚ್ ಬೇಕು, ಒಂದು ಪಾಲಿಗೆ 30 ಪಾಲು ನೀರು.

ಅಂದಮೇಲೆ ಅಪಾಯ ಇರುವುದು ನೆಲದಲ್ಲಿ, ಗೊತ್ತಿಲ್ಲದ ನಾಯಿಗಳಲ್ಲಿ. ಗಾಳಿಯಲ್ಲಿ ಅಲ್ಲ, ನೋಟದಲ್ಲಿ ಅಲ್ಲ. ಮರಿಯನ್ನು ಎತ್ತಿಕೊಂಡು ಹೋಗಿ! ತೊಡೆಯ ಮೇಲೆ ಕೂರಿಸಿಕೊಂಡು ಮನೆಮುಂದಿನ ಕಟ್ಟೆಯ ಮೇಲೆ ಕೂತರೆ ಅರ್ಧ ಗಂಟೆಯಲ್ಲಿ ಹಾಲಿನವರು, ಸೈಕಲ್ಲು, ಶಾಲೆ ಮಕ್ಕಳು, ಎಮ್ಮೆ ಎಲ್ಲ ಹಾದುಹೋಗುತ್ತವೆ. ಬೈಕಿನಲ್ಲಿ ಹಿಂದೆ ಕೂತವರು ಬುಟ್ಟಿಯಲ್ಲಿ ಹಿಡಿದುಕೊಂಡರೆ ಊರೆಲ್ಲ ತೋರಿಸಬಹುದು. ಲಸಿಕೆ ಪೂರ್ತಿಯಾಗಿರುವ, ಸಮಾಧಾನದ ದೊಡ್ಡ ನಾಯಿ ಇರುವ ಗೆಳೆಯರ ಮನೆಗೂ ಒಯ್ಯಬಹುದು. ಪ್ರಾಣಿಗಳ ನಡವಳಿಕೆ ನೋಡುವ ಅಮೆರಿಕದ ಪಶುವೈದ್ಯರ ಸಂಘದ ಸಲಹೆಯೂ ಇದೇ ದಾರಿಯದ್ದು. ಮೊದಲ ಲಸಿಕೆ ಆಗಿ ಕನಿಷ್ಠ 7 ದಿನ ಕಳೆದು, ಒಮ್ಮೆ ಜಂತಿನ ಔಷಧಿ ಆಗಿದ್ದರೆ 7–8 ವಾರದ ಮರಿಗಳನ್ನೇ ಶುಚಿಯಾದ ಜಾಗದ ಮರಿ ತರಗತಿಗೆ ಸೇರಿಸಬಹುದು ಅನ್ನುತ್ತಾರೆ ಅವರು.

ಎಚ್ಚರ ತಪ್ಪುವ ಜಾಗ ಒಂದಿದೆ. ದವಾಖಾನೆ. ಊರಿನ ಜ್ವರದ ಮರಿ, ಭೇದಿಯ ಮರಿ ಎಲ್ಲ ಬರುವುದು ಅಲ್ಲಿಗೇ, ಅಲ್ವಾ? ಲಸಿಕೆಗೆ ಹೋದಾಗ ಅಲ್ಲಿ ಮರಿಯನ್ನು ನೆಲಕ್ಕೆ ಬಿಡಬೇಡಿ. ಕೈಯಲ್ಲೇ ಇಟ್ಟುಕೊಳ್ಳಿ, ಮೇಜಿನ ಮೇಲೆ ನಿಮ್ಮದೇ ಒಂದು ಟವೆಲ್ ಹಾಸಿ.

3. ಮನೆಯೊಳಗೆ ಶುರು ಮಾಡಿ

ಮೊದಲ ಎರಡು ದಿನ ನೆಂಟರನ್ನು ಕರೆಯಬೇಡಿ. ಮರಿ ನೋಡಲು ಓಣಿಯೇ ಬರುತ್ತದೆ, ಗೊತ್ತು. ನಯವಾಗಿ ತಡೆಯಿರಿ.

ಮುಧೋಳ ಮರಿಯ ಕಾಲು ಉದ್ದ, ಟೈಲ್ಸ್ ಮೇಲೆ ಜಾರುತ್ತದೆ. ಒಂದೆರಡು ಸಲ ಜಾರಿ ಬಿದ್ದರೆ ಆ ಕೋಣೆಗೇ ಬರುವುದಿಲ್ಲ. ಓಡಾಡುವ ದಾರಿಗೆ ಗೋಣಿಚೀಲ ಹಾಸಿಬಿಡಿ. ಮಣ್ಣು, ಸಿಮೆಂಟ್, ಕಡಪ ಕಲ್ಲು, ಮೆಟ್ಟಿಲು, ಒದ್ದೆ ನೆಲ ಎಲ್ಲದರ ಮೇಲೂ ಕಾಲಿಡಲಿ. ತಾನಾಗೇ ಇಡಲಿ, ಎಳೆದು ನಿಲ್ಲಿಸಬೇಡಿ.

ಮಿಕ್ಸರ್, ಕುಕ್ಕರ್ ಸೀಟಿ, ರೊಟ್ಟಿ ಬಡಿಯುವ ಸದ್ದು, ಕಬ್ಬಿಣದ ಗೇಟು, ಬೋರ್‌ವೆಲ್ ಮೋಟರ್. ಇವನ್ನೆಲ್ಲ ಮರಿ ಉಣ್ಣುವ ಹೊತ್ತಿಗೆ ದೂರದ ಕೋಣೆಯಲ್ಲಿ ಶುರು ಮಾಡಿ. ತಲೆ ಎತ್ತಿ ನೋಡಿ ಮತ್ತೆ ಉಣ್ಣಲು ಹೋದರೆ ನಾಳೆ ಒಂದು ಕೋಣೆ ಹತ್ತಿರ ತನ್ನಿ. ಊಟ ಬಿಟ್ಟು ಓಡಿದರೆ ನೀವು ಅವಸರ ಮಾಡಿದ್ದೀರಿ ಅಂತ ಅರ್ಥ. ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿ ಕಡೆಯವರಿಗೆ ಮಗ್ಗದ ಸದ್ದು ಪುಕ್ಕಟೆ ಸಿಗುತ್ತದೆ, ಅದನ್ನೂ ಹೀಗೇ ಬಳಸಿಕೊಳ್ಳಿ.

ಈ ಹಂತದಲ್ಲೇ ಮೈ ಮುಟ್ಟಿಸಿಕೊಳ್ಳುವುದನ್ನೂ ಕಲಿಸಬೇಕು. ಜಾಸ್ತಿ ಜನ ಬಿಡುವುದು ಇದನ್ನೇ. ದಿನಾ ಸಂಜೆ ಮರಿಗೆ ನಿದ್ದೆ ಬರುವ ಹೊತ್ತಿನಲ್ಲಿ ಪಕ್ಕದಲ್ಲಿ ಕೂತುಕೊಳ್ಳಿ. ಬೆಂದ ಮೊಟ್ಟೆಯನ್ನು ಕಡಲೆಕಾಳಿನಷ್ಟು ಸಣ್ಣ ಚೂರು ಮಾಡಿ ಇಟ್ಟುಕೊಳ್ಳಿ. ಮುಂಗಾಲನ್ನು ಮುಟ್ಟಿ, ಚೂರು ಕೊಡಿ, ಕೈ ತೆಗೆಯಿರಿ. ಮತ್ತೆ ಮುಟ್ಟಿ, ಈ ಸಲ ಪಾದವನ್ನು ಮೆಲ್ಲಗೆ ಹಿಡಿದು ಕೊಡಿ, ಬಿಡಿ. ಆಮೇಲೆ ಬೆರಳ ಸಂದು ಅಗಲಿಸಿ ನೋಡಿ, ಕೊಡಿ. ಕಾಲು ಹಿಂದಕ್ಕೆ ಎಳೆದುಕೊಂಡರೆ ತಕ್ಷಣ ಬಿಟ್ಟುಬಿಡಿ, ಮುಂದಿನ ಸಲ ಅದಕ್ಕಿಂತ ಕಡಿಮೆ ಮಾಡಿ. ಕಿವಿಯ ಒಳಗೆ, ಬಾಲದ ಬುಡ, ತುಟಿ ಎತ್ತಿ ಹಲ್ಲು, ಎಲ್ಲಕ್ಕೂ ಇದೇ ಕ್ರಮ. ನಮ್ಮ ಕಡೆ ಉಣ್ಣಿ ಕಾಟ ಬಹಳ. ಬೆರಳ ಸಂದಿಯಲ್ಲಿ ಕೂತ ಉಣ್ಣಿ ತೆಗೆಯಲು ದೊಡ್ಡ ನಾಯಿಯನ್ನು ಮೂವರು ಹಿಡಿಯುವುದಕ್ಕಿಂತ ಇದು ಸುಲಭ.

ಬಹುಮಾನಕ್ಕೆ ಮೊಟ್ಟೆ, ಮೂಳೆ ಇಲ್ಲದ ಬೇಯಿಸಿದ ಕೋಳಿ, ರೊಟ್ಟಿ ಚೂರು ಯಾವುದಾದರೂ ಸರಿ. ದ್ರಾಕ್ಷಿ ಮತ್ತು ಮಣುಕ (ಒಣದ್ರಾಕ್ಷಿ) ಮಾತ್ರ ಬೇಡ! ಜಮಖಂಡಿ, ವಿಜಯಪುರ ಕಡೆ ಮನೆಮನೆಯಲ್ಲಿ ಮಣುಕದ ಡಬ್ಬಿ ಇರುತ್ತದೆ, ಮಕ್ಕಳು ಪ್ರೀತಿಯಿಂದ ಹಾಕಿಬಿಡುತ್ತಾರೆ. ನಾಯಿಯ ಮೂತ್ರಪಿಂಡಕ್ಕೆ ಅದು ವಿಷ. ಉಳ್ಳಾಗಡ್ಡಿ, ಚಾಕೊಲೇಟ್ ಕೂಡ ಬೇಡ.

4. ಮರಿಯ ಮೈಯನ್ನು ಓದಲು ಕಲಿಯಿರಿ

ಮುಂದಿನ ಹಂತಗಳೆಲ್ಲ ನಿಂತಿರುವುದು ಇದರ ಮೇಲೆ. ಮರಿ ಹೆದರಿದಾಗ ಕುಂಯ್ ಅನ್ನಲೇಬೇಕೆಂದಿಲ್ಲ. ಉಣ್ಣುವುದೇನೂ ಇಲ್ಲದೆ ತುಟಿ ನೆಕ್ಕಿಕೊಳ್ಳುತ್ತದೆ, ನಿದ್ದೆ ಇಲ್ಲದೆ ಆಕಳಿಸುತ್ತದೆ, ಒಂದು ಮುಂಗಾಲು ಎತ್ತಿ ನಿಲ್ಲುತ್ತದೆ, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡುತ್ತದೆ. ಇಷ್ಟದ ಮೊಟ್ಟೆ ಚೂರನ್ನೂ ಬೇಡ ಅಂದರೆ ಹೆದರಿಕೆ ಆಗಲೇ ಜಾಸ್ತಿಯಾಗಿದೆ.

ಒಂದು ಗೊಂದಲ ಬರುತ್ತದೆ ಇಲ್ಲಿ. ಮುಧೋಳ ನಾಯಿಯ ಬಾಲ ಸುಮ್ನೆ ನಿಂತಾಗಲೂ ಕೆಳಗೇ ಇಳಿಬಿದ್ದಿರುತ್ತದೆ. ಅದು ಹೆದರಿಕೆ ಅಲ್ಲ. ಹೊಟ್ಟೆಯ ಕೆಳಗೆ ಅಂಟಿಕೊಂಡು ಬೆನ್ನು ಬಾಗಿದ್ದರೆ ಮಾತ್ರ ಹೆದರಿಕೆ.

ಪ್ರತಿ ಮರಿಗೂ ಒಂದು ಅಂತರ ಇರುತ್ತದೆ. ಅಷ್ಟು ದೂರದಲ್ಲಿ ಹೊಸ ವಸ್ತು ಇದ್ದರೆ ನೋಡುತ್ತದೆ, ಆದರೂ ತಿನ್ನುತ್ತದೆ, ನೀವು ಕರೆದರೆ ತಿರುಗುತ್ತದೆ. ಅದಕ್ಕಿಂತ ಹತ್ತಿರ ಹೋದರೆ ಕಿವಿಯೇ ಕೇಳುವುದಿಲ್ಲ. ನಿಮ್ಮ ಕೆಲಸ ಯಾವಾಗಲೂ ಆ ಗೆರೆಯ ಹೊರಗೆ, ದೂರದ ಬದಿಯಲ್ಲೇ ನಡೆಯಲಿ. ಹೆದರಿದಾಗ ಎತ್ತಿಕೊಂಡು ಸಮಾಧಾನ ಮಾಡಿದರೆ ಹೆದರಿಕೆ ಜಾಸ್ತಿಯಾಗುತ್ತದೆ ಅನ್ನುವವರ ಮಾತು ಕೇಳಬೇಡಿ. ದೂರ ಕರೆದುಕೊಂಡು ಹೋಗಿ, ಬೇಕಾದರೆ ಎತ್ತಿಕೊಳ್ಳಿ, ಏನೂ ಕೆಡುವುದಿಲ್ಲ.

5. ಜನ

ನಿಯಮ ಒಂದೇ. ಜನ ಮರಿಯ ಹತ್ತಿರ ಹೋಗುವುದಿಲ್ಲ, ಮರಿಯೇ ಜನರ ಹತ್ತಿರ ಬರುತ್ತದೆ. ಬಂದವರಿಗೆ ಮೊದಲೇ ಹೇಳಿ: "ಕಾಕಾ, ಅದರ ಕಡೆ ನೋಡಬ್ಯಾಡ್ರಿ, ಸುಮ್ಮ ಕೂಡ್ರಿ, ತಾನ ಬರತೈತಿ." ಕೈಗೆ ಎರಡು ಚೂರು ಕೊಡಿ, ಪಕ್ಕದಲ್ಲಿ ನೆಲಕ್ಕೆ ಹಾಕಲಿ. ಮರಿ ಮೂಸಿ ಹಿಂದೆ ಸರಿದರೂ ಅದು ಗೆಲುವೇ. ಮುಟ್ಟುವುದು ನಾಳೆಯೂ ಇದೆ. ಮುಟ್ಟುವಾಗಲೂ ತಲೆಯ ಮೇಲಿಂದ ಕೈ ತರದೆ ಎದೆಯ ಕಡೆಯಿಂದ ಮುಟ್ಟಲಿ.

ಬಗೆಬಗೆಯ ಜನ ಬೇಕು. ದಿನಾ ಅದೇ ನಾಲ್ಕು ಮುಖ ನೋಡಿದರೆ ಮರಿಗೆ ಮನುಷ್ಯರು ಅಂದರೆ ಆ ನಾಲ್ವರೇ ಆಗುತ್ತಾರೆ. ಪಟಕಾ ಸುತ್ತಿ ಬಡಿಗೆ ಹಿಡಿದ ಅಜ್ಜ, ಬುರ್ಖಾ ಹಾಕಿದವರು, ಹೆಲ್ಮೆಟ್ ತೆಗೆಯದ ಪಾರ್ಸೆಲ್ ಹುಡುಗ, ಕಂಬಳಿ ಹೊದ್ದ ಕುರಿಗಾಹಿ, ಕುಂಟುತ್ತಾ ನಡೆಯುವವರು, ಜೋರು ದನಿಯ ಮಾಮಾ. ಬಡಿಗೆಯ ಅಜ್ಜನಿಗೆ ಅಂಜುವ ಮರಿಗಳು ಬಹಳ. ಅಜ್ಜ ಕಟ್ಟೆಯ ಮೇಲೆ ಕೂತು ಬಡಿಗೆಯನ್ನು ನೆಲಕ್ಕೆ ಅಡ್ಡ ಇಡಲಿ, ಅದರ ಸುತ್ತ ನೀವು ಚೂರು ಹಾಕಿ. ಬಡಿಗೆಯನ್ನು ಮೂಸಿ ದಾಟಿ ಹೋದಮೇಲೆ ಅಜ್ಜ ಅದನ್ನು ಕೂತಲ್ಲೇ ಎತ್ತಲಿ, ಆಮೇಲೆ ಊರಿ ನಿಲ್ಲಲಿ. ಒಂದೇ ದಿನ ಇದೆಲ್ಲ ಆಗಬೇಕಿಲ್ಲ.

ಮಕ್ಕಳ ವಿಷಯದಲ್ಲಿ ನೀವು ಎದ್ದು ಒಳಗೆ ಹೋಗುವ ಹಾಗಿಲ್ಲ. ಬಾಲ ಎಳೆಯುವುದು, ಬೊಗಳಿಸಿ ನೋಡುವುದು, ಮಲಗಿದಾಗ ಎಬ್ಬಿಸುವುದು, ಉಣ್ಣುವಾಗ ತಟ್ಟೆ ಎಳೆಯುವುದು ನಡೆಯಕೂಡದು. ಮಕ್ಕಳು ಕೂತಿರಬೇಕು, ಓಡಬಾರದು. ರೇಬೀಸ್ ಲಸಿಕೆ ಆಗದ ಮರಿಯ ಹಲ್ಲು ಅಥವಾ ಉಗುರು ತಾಗಿ ಚರ್ಮ ತರಚಿದರೆ, ಮರಿ ಎಷ್ಟೇ ಚಿಕ್ಕದಿರಲಿ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ದವಾಖಾನೆಗೆ ಹೋಗಿ. ಅರಿಶಿನ, ಕಾರ ಹಚ್ಚುತ್ತಾ ಕೂರಬೇಡಿ.

6. ಕೋಳಿ, ಕುರಿ, ಬೇರೆ ನಾಯಿ

ಮುಧೋಳ ಕಣ್ಣಿನಿಂದ ಬೇಟೆ ಹಿಡಿಯುವ ತಳಿ. ಮೂಸುವ ಮೊದಲೇ ನೋಡುತ್ತದೆ, ಓಡುವುದು ಕಂಡರೆ ಬೆನ್ನಟ್ಟುತ್ತದೆ. ಲ್ಯಾಬ್ರಡಾರ್ ಸಾಕಿದವರಿಗೆ ಈ ಹಂತ ಅರ್ಧ ದಿನದ್ದು, ನಿಮಗೆ ತಿಂಗಳುಗಳದ್ದು.

ಮೊದಲು ಕೊರಳಪಟ್ಟಿ ನೋಡಿ. ಈ ತಳಿಯ ತಲೆ ಸಪೂರ, ಸಾಮಾನ್ಯ ಕೊರಳಪಟ್ಟಿ ಹಿಂದಕ್ಕೆ ಎಳೆದರೆ ಜಾರಿ ಕಳಚುತ್ತದೆ. ಎದೆಗೆ ಹಾಕುವ ಹಾರ್ನೆಸ್ ತನ್ನಿ, ಅಥವಾ ಎಳೆದಾಗ ಸ್ವಲ್ಪ ಮಾತ್ರ ಬಿಗಿಯಾಗುವ ಅಗಲ ಪಟ್ಟಿ. ಕುರಿ ಹಿಂಡು ದೂರದಲ್ಲಿ ಮೇಯುತ್ತಿರುವ ಕಡೆ ಹಗ್ಗ ಹಿಡಿದು ಕೂತುಕೊಳ್ಳಿ. ಮರಿ ಕುರಿ ನೋಡಲಿ. ತಾನಾಗೇ ನಿಮ್ಮ ಕಡೆ ತಿರುಗಿದ ಕ್ಷಣ "ಭೇಷ್" ಅಂದು ಚೂರು ಕೊಡಿ. ಅಷ್ಟೇ ಪಾಠ. ದಿನ ಕಳೆದಂತೆ ಸ್ವಲ್ಪ ಸ್ವಲ್ಪ ಹತ್ತಿರ. ಕೋಳಿಗೂ ಹೀಗೇ.

ಇದರಿಂದ ಬೆನ್ನಟ್ಟುವ ಗುಣ ಹೋಗುವುದಿಲ್ಲ, ಹತೋಟಿಗೆ ಬರುತ್ತದೆ. ಬೆಳೆದ ಮೇಲೂ ಹಿಂಡಿನ ಹತ್ತಿರ ಬಿಡುಬೀಸಾಗಿ ಬಿಡಬೇಡಿ.

ಓಣಿ ನಾಯಿಗಳನ್ನು ಲಸಿಕೆ ಮುಗಿಯುವ ತನಕ ಕೈಯಲ್ಲಿಟ್ಟುಕೊಂಡೇ ತೋರಿಸಿ.

7. ಓಣಿ, ರಸ್ತೆ, ಹಬ್ಬ

ಕಬ್ಬಿನ ಹಂಗಾಮು ನಮ್ಮ ಕಡೆ ಮರಿಗಳಿಗೆ ದೊಡ್ಡ ಪರೀಕ್ಷೆ. ಎರಡು ಟ್ರೇಲರ್ ಕಟ್ಟಿಕೊಂಡು ದೊಡ್ಡ ದನಿಯಲ್ಲಿ ಹಾಡು ಹಾಕಿಕೊಂಡು ಬರುವ ಟ್ರ್ಯಾಕ್ಟರ್‌ಗೆ ಮನುಷ್ಯರೇ ಬೆಚ್ಚುತ್ತಾರೆ. ರಸ್ತೆಯಿಂದ ಒಂದು ಹೊಲದಷ್ಟು ಒಳಗೆ ನಿಂತು ಶುರು ಮಾಡಿ. ಟ್ರ್ಯಾಕ್ಟರ್ ಕಂಡ ಕೂಡಲೇ ಚೂರು ಬರಲಿ, ಅದು ದಾಟಿ ಹೋದಮೇಲೆ ನಿಲ್ಲಲಿ. ಕೆಲವು ದಿನಗಳಲ್ಲಿ ಮರಿ ಟ್ರ್ಯಾಕ್ಟರ್ ಸದ್ದಿಗೆ ನಿಮ್ಮ ಜೇಬು ನೋಡಲು ಶುರು ಮಾಡಿದರೆ ಪಾಠ ಹತ್ತಿದೆ. ಬಸ್ ಸ್ಟ್ಯಾಂಡಿಗೂ ಇದೇ ರೀತಿ, ಹೊರಗಿನ ಮೂಲೆಯಿಂದ. ಬಾಗಲಕೋಟೆಯವರಿಗೆ ನವನಗರದ ಖಾಲಿ ಸೆಕ್ಟರ್ ರಸ್ತೆಗಳು ಮೊದಲ ಪಾಠಕ್ಕೆ ಅನುಕೂಲ, ಹಳೇ ಊರಿನ ಮಾರ್ಕೆಟ್ ಆಮೇಲೆ ನೋಡಿದರಾಯಿತು.

ಪ್ರತಿ ಸಲ ಹತ್ತು-ಹದಿನೈದು ನಿಮಿಷ ಸಾಕು. ಬೇಸಿಗೆಯಲ್ಲಿ ಬೆಳಗ್ಗೆ ಬೇಗ, ಸಂಜೆ ಹೊತ್ತು ಮುಳುಗಿದ ಮೇಲೆ. ಅಂಗೈಯನ್ನು ರಸ್ತೆಯ ಮೇಲೆ ಐದಾರು ಸೆಕೆಂಡ್ ಇಡಲು ಆಗದಿದ್ದರೆ ಮರಿಯ ಪಾದಕ್ಕೂ ಆಗುವುದಿಲ್ಲ.

ಬಾಗಲಕೋಟೆಯ ಹೋಳಿಗೆ ಮರಿಯನ್ನು ಒಯ್ಯಬೇಡಿ. ಹಲಗಿ ಸದ್ದು, ಬಣ್ಣ, ಜನ, ಎಲ್ಲ ಒಟ್ಟಿಗೆ ಅದಕ್ಕೆ ಜಾಸ್ತಿಯಾಗುತ್ತದೆ. ಹಲಗಿ, ಪಟಾಕಿಯ ಸದ್ದನ್ನು ಮೊಬೈಲಿನಲ್ಲಿ ಅತಿ ಸಣ್ಣ ದನಿಯಲ್ಲಿ ಊಟದ ಹೊತ್ತಿಗೆ ಹಾಕಿ, ವಾರಗಳಲ್ಲಿ ನಿಧಾನ ಏರಿಸಿ. ಹಬ್ಬದ ದಿನ ಒಳಕೋಣೆ, ಮುಚ್ಚಿದ ಕಿಟಕಿ, ಜೊತೆಗೆ ಮನೆಯವರೊಬ್ಬರು.

8. ಒಬ್ಬನೇ ಇರುವುದು

ಸದಾ ಜೊತೆಗಿದ್ದು ಬೆಳೆದ ಮರಿ ನೀವು ಮದುವೆಗೆ ಹೋದ ದಿನ ಬಾಗಿಲು ಕೆರೆಯುತ್ತದೆ. ಉಂಡು ಆಡಿ ದಣಿದ ಮೇಲೆ ಎರಡು ನಿಮಿಷ ಬೇರೆ ಕೋಣೆಗೆ ಹೋಗಿ, ಅದು ಅಳುವ ಮೊದಲೇ ವಾಪಸ್ ಬನ್ನಿ. ನಿಧಾನ ಹೆಚ್ಚಿಸಿ. ಹೋಗುವಾಗ ಬರುವಾಗ ಮುದ್ದಿನ ಗದ್ದಲ ಬೇಡ.

"ಹಿಂಗ ಮಾಡಿದ್ರ ಕಾವಲಿಗೆ ಬರೂದಿಲ್ಲ" ಅನ್ನುವವರಿಗೆ

ಇದನ್ನು ಕೇಳಿ ಕೇಳಿ ಸಾಕಾಗಿದೆ. ಮರಿಯನ್ನು ಕತ್ತಲೆ ಕೋಣೆಯಲ್ಲಿ ಸರಪಳಿಯಲ್ಲಿ ಕಟ್ಟಿ ಬೆಳೆಸಿದರೆ ಜೋರಾಗುತ್ತದೆ ಅನ್ನುವ ನಂಬಿಕೆ ಹಳ್ಳಿಯಲ್ಲೂ ಇದೆ, ಪೇಟೆಯಲ್ಲೂ ಇದೆ. ಹಾಗೆ ಬೆಳೆದ ನಾಯಿ ಜೋರಾಗುವುದಿಲ್ಲ, ಹೆದರುಪುಕ್ಕಲಾಗುತ್ತದೆ. ಹೆದರಿದ ನಾಯಿ ಕಳ್ಳ ಬಂದರೆ ಓಡುತ್ತದೆ, ಮೂಲೆಗೆ ಸಿಕ್ಕರೆ ಮನೆಯ ಕೂಸನ್ನೇ ಕಚ್ಚುತ್ತದೆ. ಜನರನ್ನು ಚೆನ್ನಾಗಿ ಬಲ್ಲ ನಾಯಿಗೇ ಯಾರು ಮಾಮೂಲು, ಯಾರ ನಡೆ ಬೇರೆ ಅನ್ನುವುದು ಗೊತ್ತಾಗುವುದು. ಸೇನೆಯವರು 2016ರಲ್ಲಿ ಮುಧೋಳ ಮರಿಗಳನ್ನು ಮೀರತ್‌ನ ತಮ್ಮ ನಾಯಿ ತರಬೇತಿ ಕೇಂದ್ರಕ್ಕೆ ಒಯ್ದರು. ಅಂಥ ಕೆಲಸಕ್ಕೆ ಸದ್ದಿಗೆ, ಜನಕ್ಕೆ ಬೆದರದ ನಾಯಿಯೇ ಬೇಕು.

ಮರಿ ಆಗಲೇ ದೊಡ್ಡದಾಗಿದ್ದರೆ?

4 ತಿಂಗಳಾದ ಮೇಲೆ ನಿಲ್ಲಿಸಿಬಿಡಬೇಡಿ, ವಾರಕ್ಕೆ ಎರಡು-ಮೂರು ಸಲವಾದರೂ ಹೊರಗಿನದು ನಡೆಯುತ್ತಿರಲಿ. 6 ತಿಂಗಳಿಂದ ಒಂದು ವರ್ಷದ ನಡುವೆ ಯಾವಾಗಲಾದರೂ ನಿನ್ನೆ ತನಕ ಸರಿಯಿದ್ದ ನಾಯಿ ಕಸದ ಬುಟ್ಟಿಗೂ ಬೆದರಬಹುದು. ಹರೆಯದ ಹೆದರಿಕೆ ಅದು. ಬೈಯಬೇಡಿ, ಅಂತರ ಹೆಚ್ಚಿಸಿ ಹಿಂದಿನ ಹಂತಕ್ಕೆ ಹೋಗಿ, ಕೆಲವು ವಾರಗಳಲ್ಲಿ ಇಳಿಯುತ್ತದೆ.

ಮೊದಲ 14 ವಾರಗಳೆಲ್ಲ ಕೈತಪ್ಪಿ ಮಂಚದ ಕೆಳಗೆ ಕೂರುವ ನಾಯಿ ನಿಮ್ಮದಾದರೆ ಮೂರನೇ ಹಂತದಿಂದ ಶುರು ಮಾಡಿ, ಲೆಕ್ಕವನ್ನು ದಿನಗಳ ಬದಲು ತಿಂಗಳುಗಳಲ್ಲಿ ಇಟ್ಟುಕೊಳ್ಳಿ. ಕೆಳಗಿನಿಂದ ಎಳೆದು ತೆಗೆಯಬೇಡಿ, ಕಚ್ಚಿಸಿಕೊಳ್ಳುವುದು ಹಾಗೇ. ನೆಂಟರು ಬಂದಾಗ ಅದಕ್ಕೊಂದು ಬೇರೆ ಕೋಣೆ ಇರಲಿ, ಬಾಗಿಲ ಸಂದಿಯಿಂದ ನೋಡಲಿ, ಚೂರು ಅಲ್ಲಿಗೇ ಬೀಳಲಿ. ಹಲ್ಲು ತೋರಿಸುವುದು, ಗುರ್ ಅನ್ನುವುದು ಶುರುವಾಗಿದ್ದರೆ ಮೊದಲು ಪಶುವೈದ್ಯರಿಗೆ ತೋರಿಸಿ. ಕಿವಿಸೋರುವುದು, ಕೀಲುನೋವು ಇದ್ದರೂ ನಾಯಿ ಹೀಗೆ ಮಾಡುತ್ತದೆ, ಅದು ವಾಸಿಯಾಗದೆ ಯಾವ ತರಬೇತಿಯೂ ಹತ್ತುವುದಿಲ್ಲ.